24ಕ್ಕೇ ಸಕ್ಕರೆ ಕಾಯಿಲೆ ಅಂದರು, ಮನಸ್ಸು ಒಪ್ಪುತ್ತಿಲ್ಲ. ಗಂಜಿ ಊಟವನ್ನೂ ಬಿಡಬೇಕಾ?

ನೀವು ಬದಿಯಡ್ಕದವರು ಅಂತ ಬರೆದಿದ್ದೀರಿ, ನಾನೂ ಕಾಸರಗೋಡಿನವನೇ, ಕುಂಬಳೆ ಕಡೆ. ನನಗೆ ಗೊತ್ತಾದದ್ದು 26ಕ್ಕೆ. ಎರಡು ತಿಂಗಳು ರಿಪೋರ್ಟೇ ತಪ್ಪು ಅಂತ ನಂಬಿಕೊಂಡಿದ್ದೆ. ನಿಮ್ಮ ಸಂಕಟ ಅರ್ಥವಾಗುತ್ತದೆ.

ಮೊದಲು, ಯಾವ ಟೈಪ್ ಅಂತ ಡಾಕ್ಟರ ಹತ್ತಿರ ಬಿಡದೆ ಕೇಳಿ. ಈ ವಯಸ್ಸಲ್ಲಿ ಟೈಪ್ 1, ಟೈಪ್ 2 ಎರಡೂ ಬರುತ್ತವೆ. ಅನುಮಾನ ಇದ್ದರೆ ಯಾವ ಟೈಪ್ ಅಂತ ತಿಳಿಯಲು ಆಂಟಿಬಾಡಿ, ಸಿ-ಪೆಪ್ಟೈಡ್ ಅನ್ನುವ ರಕ್ತಪರೀಕ್ಷೆಗಳಿವೆ. ಟೈಪ್ 1 ಆದರೆ ಅದು ಸಿಹಿ ತಿಂದು ಬಂದದ್ದಲ್ಲ. ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹವೇ ಹಾಳುಮಾಡಿರುತ್ತದೆ. ಯಾರೋ ಕಷಾಯ ಹೇಳಿದರು ಅಂತ ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ.

ಗಂಜಿ ಬಿಡಬೇಕಾಗಿಲ್ಲ. ಆದರೆ ಕುಚ್ಚಲಕ್ಕಿಯೂ ಅಕ್ಕಿಯೇ ಅಲ್ವಾ, ಅಳತೆ ಮುಖ್ಯ. ನಾನು ಬಟ್ಟಲು ಸಣ್ಣದು ಮಾಡಿ ಹುರುಳಿ, ಪಲ್ಯ ಜಾಸ್ತಿ ಮಾಡಿಕೊಂಡೆ.

ನಿಜವಾದ ಕಷ್ಟ ಜೆಂಬರದ (ಮದುವೆ, ಪೂಜೆಯಂಥ ಸಮಾರಂಭದ) ಊಟದಲ್ಲಿ. ಪಾಯಸ ಬೇಡ ಅಂದರೆ "ಇಷ್ಟು ಸಣ್ಣ ವಯಸ್ಸಲ್ಲಾ?" ಅಂತಾರೆ. ಒಂದು ವರ್ಷ ಸುಮ್ನೆ ಹೊಟ್ಟೆ ಸರಿ ಇಲ್ಲ ಅಂದೆ. ಕೊನೆಗೊಂದು ದಿನ ಪಂಕ್ತಿಯಲ್ಲೇ ಇದ್ದದ್ದು ಹೇಳಿಬಿಟ್ಟೆ. ಕೈ ತೊಳೆಯುವಾಗ ಪಕ್ಕದ ಮನೆಯ ಹುಡುಗ ಮೆಲ್ಲಗೆ ಬಂದು, "ಅಣ್ಣ, ನನಗೂ ಇದೆ" ಅಂದ. ಈಗ ಇಬ್ಬರೂ ಸಂಜೆ ಒಟ್ಟಿಗೆ ನಡೆಯುತ್ತೇವೆ.