ಕೇಳಿ, ಹೇಳುತ್ತೇವೆ: ಗೊಂಬೆಮನೆಯ ಗೋಡೆಗೊಂದು ಗಡಿಯಾರ

ನವರಾತ್ರಿ ಹತ್ತಿರವಾದಂತೆ ಗೊಂಬೆಮನೆ ಕಟ್ಟಲು ಕೂತವರ ಪತ್ರಗಳು ಹೆಚ್ಚುತ್ತವೆ. ಮುಂಬೈ, ಪುಣೆ, ಗೋವಾ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಪುಟ್ಟ ಗಡಿಯಾರದ್ದೇ ಮೇಲುಗೈ. ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಪಟ್ಟದ ಗೊಂಬೆಗಳ ಪಕ್ಕ ಒಂದು ಹಜಾರ ಮಾಡುತ್ತಿದ್ದೇನೆ. ಗೊಂಬೆಮನೆಗೆ 1:12 ಅಳತೆ ಎಂದು ಕೇಳಿ ಗೋಡೆ ಗಡಿಯಾರ ಮಾಡಿದೆ. ಗೊಂಬೆಗಳ ಮುಂದೆ ಅದು ಅಂಗಿಯ ಗುಂಡಿಯಂತೆ ಕಾಣುತ್ತಿದೆ. ಎಲ್ಲಿ ತಪ್ಪಿದೆ? (ಮಾಟುಂಗ, ಮುಂಬೈ)

ಗಡಿಯಾರದಲ್ಲಿ ತಪ್ಪಿಲ್ಲ, ಅಳತೆ ನಿಮ್ಮ ಗೊಂಬೆಗೆ ಹೊಂದುತ್ತಿಲ್ಲ. 1:12 ಎಂದರೆ ನಿಜದ ಒಂದು ಅಡಿಗೆ ಇಲ್ಲಿ ಒಂದು ಅಂಗುಲ. ಐದೂವರೆ ಅಡಿಯ ಮನುಷ್ಯ ಐದೂವರೆ ಅಂಗುಲವಾಗುತ್ತಾನೆ. ಪಟ್ಟದ ಗೊಂಬೆ ಅದಕ್ಕಿಂತ ಎತ್ತರವಿದ್ದರೆ ಲೆಕ್ಕವನ್ನು ಗೊಂಬೆಯಿಂದಲೇ ಶುರು ಮಾಡಬೇಕು. ಐದೂವರೆ ಅಡಿ ಎಂದರೆ 66 ಅಂಗುಲ. ಅದನ್ನು ಗೊಂಬೆಯ ಎತ್ತರದಿಂದ ಭಾಗಿಸಿ. 9 ಅಂಗುಲದ ಗೊಂಬೆಯಾದರೆ 7.3 ಬರುತ್ತದೆ. 12 ಅಂಗುಲದ ನಿಜವಾದ ಡಯಲು 1:12ರಲ್ಲಿ 25 ಮಿ.ಮೀ. ಆಗುವ ಕಡೆ ನಿಮಗೆ ಸುಮಾರು 42 ಮಿ.ಮೀ. ಬೇಕು. ಡಯಲಿನ ನಡುಬಿಂದು ನಿಂತ ಗೊಂಬೆಯ ತಲೆಗಿಂತ ಸ್ವಲ್ಪ ಮೇಲೆ ಬರಲಿ.

ಅಗಲ ಸರಿಮಾಡಿಕೊಂಡವರೂ ದಪ್ಪದಲ್ಲಿ ಸಿಕ್ಕಿಬೀಳುತ್ತಾರೆ. 5 ಮಿ.ಮೀ. ಫೋಮ್ ಬೋರ್ಡಿನಲ್ಲಿ ಚೌಕಟ್ಟು ಮಾಡಿದರೆ, 1:12ರಲ್ಲಿ ಅದು 6 ಸೆಂ.ಮೀ. ದಪ್ಪದ ಹಲಗೆಗೆ ಸಮ. ಅಂಥ ಹಲಗೆಯ ಗಡಿಯಾರ ಯಾರ ಮನೆಯಲ್ಲೂ ಇರುವುದಿಲ್ಲ. ನೋಡುವವರಿಗೆ ಕಾರಣ ಹೊಳೆಯದಿದ್ದರೂ ಇದು ಆಟಿಕೆ ಎಂಬುದು ಕೂಡಲೇ ತಿಳಿಯುತ್ತದೆ. 2 ಮಿ.ಮೀ. ರಟ್ಟು ಅಥವಾ ಐಸ್‌ಕ್ರೀಮ್ ಕಡ್ಡಿ ಸಾಕು.

ಪ್ರಶ್ನೆ: ಡಯಲನ್ನು ಮನೆಯ ಪ್ರಿಂಟರಿನಲ್ಲಿ ತೆಗೆದು ವಾರ್ನಿಷ್ ಹಚ್ಚಿದರೆ ಅಂಕಿಗಳು ಕದಡಿಹೋಗುತ್ತವೆ. ಅಳತೆಯೂ ಚಿಕ್ಕದಾಗಿ ಬರುತ್ತದೆ. (ಕೋಥರೂಡ್, ಪುಣೆ)

ಮನೆಯ ಇಂಕ್‌ಜೆಟ್ಟಿನ ಶಾಯಿ ಹೆಚ್ಚಾಗಿ ನೀರಿಗೆ ಕರಗುವಂಥದ್ದು. ನೀರಿನ ವಾರ್ನಿಷ್ ತಾಗಿದೊಡನೆ ಹರಡುತ್ತದೆ. ಲೇಸರ್ ಪ್ರಿಂಟ್ ತೆಗೆಸಿ. ಅದರ ಟೋನರ್ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗುವುದಿಲ್ಲ. ಆದರೆ ಥಿನ್ನರ್ ಬೆರೆತ ಲ್ಯಾಕರ್ ಹಚ್ಚಿದರೆ ಅದೂ ಕರಗುತ್ತದೆ. ಹಾಗಾಗಿ ಲೇಸರ್ ಪ್ರಿಂಟಿಗೆ ನೀರಿನ ವಾರ್ನಿಷನ್ನೇ ಹಚ್ಚಿ.

ಅಳತೆ ಕುಗ್ಗುವುದು ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯಿಂದ. ಅದನ್ನು ತೆಗೆದು 100 ಶೇಕಡ ಇಡಿ. ಡಯಲಿನ ಪಕ್ಕದಲ್ಲೇ 50 ಮಿ.ಮೀ. ಉದ್ದದ ಗೆರೆಯೊಂದನ್ನೂ ಎಳೆದಿಟ್ಟರೆ, ಮುದ್ರಿಸಿದ ಮೇಲೆ ಅಳೆದು ನೋಡಬಹುದು. ಅಂಗಡಿಯವರಿಗೆ ಕೊಡುವ ಚಿತ್ರ ಅಂಗುಲಕ್ಕೆ 600 ಚುಕ್ಕಿಯದ್ದಾಗಿರಲಿ. 25 ಮಿ.ಮೀ. ಡಯಲಿಗೆ ಅಂಕಿಯ ಎತ್ತರ 3 ಮಿ.ಮೀ., ನಿಮಿಷದ ಗೀಟಿನ ದಪ್ಪ 0.15 ಮಿ.ಮೀ. ಅದಕ್ಕಿಂತ ಸಣ್ಣ ಗೀಟು ಮುದ್ರಣದಲ್ಲಿ ಮುರಿದುಹೋಗುತ್ತದೆ. ಹಿನ್ನೆಲೆ ಅಚ್ಚ ಬಿಳಿಯ ಬದಲು ಕೆನೆಬಣ್ಣವಿರಲಿ. ರೋಮನ್ ಅಂಕಿ ಹಾಕುವುದಾದರೆ ನಾಲ್ಕನ್ನು ಸಾಲಾಗಿ ನಾಲ್ಕು ಗೀಟು ಹಾಕಿ ಬರೆಯಿರಿ. ಹಳೆಯ ಗಡಿಯಾರಗಳಲ್ಲಿ ಹೆಚ್ಚಾಗಿ ಹಾಗೆಯೇ ಇರುತ್ತದೆ.

ಕತ್ತರಿಸುವಾಗ ಉಗುರು ಕತ್ತರಿಯನ್ನು ಒಂದೇ ಕಡೆ ಹಿಡಿದು ಕಾಗದವನ್ನು ತಿರುಗಿಸಿ. ಬೆಳ್ಳಗೆ ಕಾಣುವ ಅಂಚಿಗೆ ಪೆನ್ಸಿಲ್ ಸವರಿ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇವೆ. ಓಡದ ಗಡಿಯಾರದಲ್ಲಿ ಮುಳ್ಳುಗಳನ್ನು ಅಂಟಿಸುವಾಗ ಲೆಕ್ಕ ತಪ್ಪದಿರಲಿ. ಎಂಟೂವರೆ ತೋರಿಸಲು ಚಿಕ್ಕ ಮುಳ್ಳನ್ನು ನೇರ ಎಂಟಕ್ಕೆ ಇಡುವವರೇ ಹೆಚ್ಚು. ಅದು ಎಂಟು ಮತ್ತು ಒಂಬತ್ತರ ನಡುಮಧ್ಯೆ ಇರಬೇಕು. ಹನ್ನೆರಡರಿಂದ ಎಣಿಸಿ, ಚಿಕ್ಕ ಮುಳ್ಳಿಗೆ ಗಂಟೆಗೆ 30 ಡಿಗ್ರಿ, ನಿಮಿಷಕ್ಕೆ ಅರ್ಧ ಡಿಗ್ರಿ, ದೊಡ್ಡದಕ್ಕೆ ನಿಮಿಷಕ್ಕೆ 6 ಡಿಗ್ರಿ ಎಂದು ಲೆಕ್ಕ ಹಾಕಿ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕ ಮುಳ್ಳು 305 ಡಿಗ್ರಿಯಲ್ಲಿ, ದೊಡ್ಡದು 60ರಲ್ಲಿ. ಚಿಕ್ಕ ಮುಳ್ಳಿನ ತುದಿ ಅಂಕಿಯ ಒಳಅಂಚಿಗೆ, ದೊಡ್ಡದರ ತುದಿ ನಿಮಿಷದ ಗೀಟಿಗೆ ಮುಟ್ಟಬೇಕು.

ಪ್ರಶ್ನೆ: ಲೇಡೀಸ್ ವಾಚಿನ ಮಷೀನು ಹಾಕಿ ನಿಲುವು ಗಡಿಯಾರ ಮಾಡಿದೆ. ಒಂದು ದಿನ ಓಡಿ ನಿಂತಿತು. ಸೆಲ್ ಬದಲಿಸಿದರೂ ಅದೇ ಕಥೆ. (ಡೊಂಬಿವಲಿ)

ಸೆಲ್ಲಿನದಲ್ಲ, ಬಹುಪಾಲು ಇದು ಮುಳ್ಳಿನ ತೊಂದರೆ. ಮೊದಲಿನಿಂದ ನೋಡೋಣ.

ಈ ಕೆಲಸಕ್ಕೆ ತಾರೀಖಿಲ್ಲದ ಚಿಕ್ಕ ಕ್ವಾರ್ಟ್ಜ್ ಮಷೀನು ಬೇಕು. ವಾಚ್ ರಿಪೇರಿಯವರ ಬಳಿ ಚಾವಿ ಕಡ್ಡಿ (ಹೊತ್ತು ತಿದ್ದಲು ತಿರುಗಿಸುವ ಕಡ್ಡಿ) ಮತ್ತು ಮುಳ್ಳುಗಳ ಸಮೇತ ಕೇಳಿ. ಮಿಯೋಟಾ 2035 ಎಂಬುದು ಸುಮಾರು 15 × 18 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. ಅದಕ್ಕೆ 626 ನಂಬರಿನ ಸೆಲ್. ತಾರೀಖಿಲ್ಲದ್ದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಮುಳ್ಳುಗಳನ್ನು ಒತ್ತಿ ಕೂರಿಸುವುದರಿಂದ ಮಷೀನನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಚಾವಿ ಕಡ್ಡಿ ಮೇಲ್ಮುಖವಾಗಿರಲಿ, ಗಡಿಯಾರದ ನೆತ್ತಿಯ ಕೆತ್ತನೆಯನ್ನು ಅಂಟಿಸದೆ ಬಿಟ್ಟು ಅದರಡಿ ಅಡಗಿಸಿ. ಪಕ್ಕದಲ್ಲಿ ಚಾವಿ ಚಾಚಿಕೊಂಡ ನಿಲುವು ಗಡಿಯಾರ ಕಣ್ಣಿಗೆ ಚುಚ್ಚುತ್ತದೆ.

ಇನ್ನು ಏಕೆ ನಿಲ್ಲುತ್ತದೆ ಎನ್ನುವುದು. ಮೊದಲು ಡಯಲಿನ ದಪ್ಪ ನೋಡಿ. 2 ಮಿ.ಮೀ. ರಟ್ಟಿನ ಮೇಲೆ ಡಯಲು ಅಂಟಿಸಿದರೆ ಮುಳ್ಳು ಕೂರುವ ಕೊಳವೆ ಮೇಲೆ ಬರುವುದೇ ಇಲ್ಲ. ಆಗ ಚಿಕ್ಕ ಮುಳ್ಳನ್ನು ಒತ್ತಿ ಒತ್ತಿ ಕೂರಿಸುತ್ತೇವೆ, ಅದು ಡಯಲಿಗೆ ಉಜ್ಜಿ ನಿಲ್ಲುತ್ತದೆ. ಕಾಗದ ಮತ್ತು ಅದರ ಹಿಂದಿನ ತಗಡು ಎರಡೂ ಸೇರಿ 0.4 ಮಿ.ಮೀ. ದಾಟಬಾರದು. ಡಯಲಿಗೂ ಚಿಕ್ಕ ಮುಳ್ಳಿಗೂ, ಚಿಕ್ಕದಕ್ಕೂ ದೊಡ್ಡದಕ್ಕೂ, ದೊಡ್ಡದಕ್ಕೂ ಗಾಜಿಗೂ ನಡುವೆ ಕಾಗದದ ಎರಡು ಮೂರು ಪದರದಷ್ಟಾದರೂ ಸಂದು ಬಿಡಿ. ಪಕ್ಕದಿಂದ ಬೆಳಕು ಹಿಡಿದು ನೋಡಿದರೆ ಸಂದು ಕಾಣಬೇಕು.

ಎರಡನೆಯದು ಮುಳ್ಳಿನ ತೂಕ. ಈ ಮಷೀನಿನ ಮೋಟಾರಿಗೆ ತಗಡಿನಲ್ಲಿ ಕತ್ತರಿಸಿದ ಭಾರದ ಮುಳ್ಳನ್ನು ಎತ್ತುವ ಶಕ್ತಿಯಿಲ್ಲ. ನಿಂತ ಡಯಲಿನಲ್ಲಿ ದೊಡ್ಡ ಮುಳ್ಳು ಆರರಿಂದ ಒಂಬತ್ತಕ್ಕೆ ಏರುವಾಗ ಸೋಲುತ್ತದೆ. ಮುಳ್ಳಿನ ತೂತುಗಳು ಚಿಕ್ಕದಕ್ಕೆ 1.20, ದೊಡ್ಡದಕ್ಕೆ 0.70 ಮಿ.ಮೀ. ಇದನ್ನು ಮನೆಯಲ್ಲಿ ನಿಖರವಾಗಿ ಕೊರೆಯುವುದು ಆಗದ ಮಾತು. ತೂತು ಸಡಿಲಾದರೆ ಮುಳ್ಳು ಆರರತ್ತ ಜಾರುತ್ತದೆ. ಮಷೀನಿನ ಜತೆ ಬಂದ ಮುಳ್ಳನ್ನೇ ನೇಲ್ ಕಟರಿನಿಂದ ಬೇಕಾದಷ್ಟಕ್ಕೆ ಕತ್ತರಿಸಿ, ಕಪ್ಪು ಮಾರ್ಕರ್ ಹಚ್ಚಿ. ಸೆಕೆಂಡಿನ ಮುಳ್ಳು ಹಾಕದಿದ್ದರೂ ಮಷೀನು ಓಡುತ್ತದೆ. ಎರಡೂ ಮುಳ್ಳನ್ನು ಹನ್ನೆರಡಕ್ಕೆ ನೇರವಾಗಿಟ್ಟು ಒತ್ತಿ. ಒತ್ತುವಾಗ ಮಷೀನಿನ ಬೆನ್ನಿಗೆ ಗಟ್ಟಿ ಆಸರೆ ಇರಲಿ.

ಮೂರನೆಯದು ಅಯಸ್ಕಾಂತ. ಗೊಂಬೆಮನೆಯ ಬಾಗಿಲು ಮುಚ್ಚಿಕೊಳ್ಳಲೆಂದು ಹಾಕುವ ಪುಟ್ಟ ಶಕ್ತಿಶಾಲಿ ಅಯಸ್ಕಾಂತ ಹತ್ತಿರವಿದ್ದರೆ ಮೋಟಾರಿನ ಹೆಜ್ಜೆ ತಪ್ಪುತ್ತದೆ. ಗಡಿಯಾರವನ್ನು ಮೇಜಿನ ಮೇಲಿಟ್ಟಾಗ ಓಡಿ, ಮನೆಯೊಳಗಿಟ್ಟಾಗ ನಿಂತರೆ ಕಾರಣ ಇದೇ.

ಸೆಲ್ಲನ್ನು ಕಬ್ಬಿಣದ ಚಿಮಟದಲ್ಲಿ ಎರಡೂ ಮುಖ ಸೇರಿಸಿ ಹಿಡಿದರೆ ಶಾರ್ಟ್ ಆಗಿ ಹೊಸದೂ ಬಡವಾಗುತ್ತದೆ. ಪ್ಲಾಸ್ಟಿಕ್ ಚಿಮಟ ಬಳಸಿ.

1:12ಕ್ಕೆ ಪೆಟ್ಟಿಗೆಯ ಅಳತೆ: ಕೆಳಪೀಠ 38 ಮಿ.ಮೀ. ಅಗಲ, 40 ಎತ್ತರ. ನಡುಭಾಗ 27 ಅಗಲ, 85 ಎತ್ತರ. ತಲೆಭಾಗ 42 ಅಗಲ, 50 ಎತ್ತರ. ಆಳ 22. ಒಟ್ಟು ಎತ್ತರ 175 ಮಿ.ಮೀ., ಅಂದರೆ ಸುಮಾರು ಏಳಡಿಯ ಗಡಿಯಾರ. ತಲೆಭಾಗದ ಹಿಂಬದಿಗೆ ಜಾರುಹಲಗೆ ಇಡಿ, ಸೆಲ್ ಬದಲಿಸಲು ಬೇಕಾಗುತ್ತದೆ. ಆದರೆ ಮನೆಗೆ ಪುಟ್ಟ ಮಕ್ಕಳು ಬರುವುದಿದ್ದರೆ ಆ ಹಲಗೆಗೆ ಒಂದು ಸಣ್ಣ ಸ್ಕ್ರೂ ಹಾಕಲೇಬೇಕು. ಬಟನ್ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ, ಮೂಗು ಕಿವಿಗೆ ತುರುಕಿಕೊಂಡರೂ ಅಪಾಯ. ಹಾಗೇನಾದರೂ ಆದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹಳೇ ಮನೆಗಳಲ್ಲಿರುವ ಎಂಟು ಮೂಲೆಯ ಲೋಲಕದ ಗಡಿಯಾರ ಮಾಡಬೇಕು. ಲೋಲಕ ನಿಜವಾಗಿ ಆಡುವಂತೆ ಮಾಡಬಹುದೇ? (ಮಡಗಾಂವ್, ಗೋವಾ)

ಆಡಿಸಬಹುದು, ಆದರೆ ನೀವು ಬಯಸಿದ ಗತಿಯಲ್ಲಿ ಆಡುವುದಿಲ್ಲ. ಲೋಲಕದ ಗತಿ ಅದರ ಉದ್ದದ ವರ್ಗಮೂಲವನ್ನು ಹಿಡಿದು ನಡೆಯುತ್ತದೆ. 25 ಸೆಂ.ಮೀ. ಲೋಲಕ ಒಮ್ಮೆ ಹೋಗಿ ಬರಲು ಒಂದು ಸೆಕೆಂಡು ಬೇಕು. ಅದನ್ನು ಹನ್ನೆರಡರಲ್ಲೊಂದು ಭಾಗ ಮಾಡಿದರೆ ಉದ್ದ 21 ಮಿ.ಮೀ., ಗತಿ ಮೂರೂವರೆ ಪಟ್ಟು ಜೋರು. ಆ ಚುರುಕಿನಲ್ಲಿ ಅದು ತೂಗುವುದಿಲ್ಲ, ಚಳಿ ಹಿಡಿದಂತೆ ನಡುಗುತ್ತದೆ. ಡಯಲಿನ ಹಿಂದೆ, ಲೋಲಕ ತೂಗುವ ಕೀಲಿಗಿಂತ ಮೇಲಕ್ಕೆ ಎದುರುತೂಕವೊಂದನ್ನು ಅಡಗಿಸಿದರೆ ನಿಧಾನವಾಗುತ್ತದೆ ನಿಜ. ಆದರೆ ನಿಧಾನವಾದಷ್ಟೂ ಅದರ ಬಲ ಕುಂದಿ, ಕೀಲಿನ ತಿಕ್ಕಾಟಕ್ಕೇ ಬೇಗ ನಿಂತುಬಿಡುತ್ತದೆ. ಲೋಲಕವನ್ನು ಐದು ಡಿಗ್ರಿಯಷ್ಟು ಓರೆಯಾಗಿ ಅಂಟಿಸಿಬಿಡಿ ಎನ್ನುವುದು ನಮ್ಮ ಸಲಹೆ. ನೆಟ್ಟಗೆ ತೂಗುಬಿದ್ದದ್ದು ನಿಂತ ಗಡಿಯಾರದಂತೆ ಕಾಣುತ್ತದೆ, ಓರೆಯಾದದ್ದು ಓಡುತ್ತಿರುವಂತೆ.

ಎದುರುಬದುರು ಅಂಚಿನ ನಡುವೆ 36 ಮಿ.ಮೀ. ಇಟ್ಟುಕೊಳ್ಳಿ. ಎಂಟು ಮೂಲೆಯ ಆಕೃತಿಯ ಒಂದು ಬದಿ ಬೇಕಾದರೆ ಅಗಲವನ್ನು 0.414ರಿಂದ ಗುಣಿಸಿ, ಇಲ್ಲಿ 15 ಮಿ.ಮೀ. ಬರುತ್ತದೆ. 5 ಮಿ.ಮೀ. ಅಗಲದ ಎಂಟು ಪಟ್ಟಿಗಳನ್ನು ಎರಡೂ ತುದಿಯಲ್ಲಿ 22.5 ಡಿಗ್ರಿ ಓರೆಗೆ ಕೊಯ್ಯಿರಿ. 45ಕ್ಕೆ ಕೊಯ್ದರೆ ನಾಲ್ಕೇ ಮೂಲೆಯ ಚೌಕಟ್ಟಾಗುತ್ತದೆ. ಪಟ್ಟಿಗಳನ್ನು ಒಂದೊಂದಾಗಿ ಗಾಳಿಯಲ್ಲಿ ಜೋಡಿಸಲು ಹೋಗಬೇಡಿ, ಕೊನೆಯ ಸಂದು ಎಂದೂ ಕೂಡುವುದಿಲ್ಲ. ಕಾಗದದ ಮೇಲೆ ಆಕೃತಿ ಬರೆದು, ಅದರ ಮೇಲೇ ನಾಲ್ಕು ನಾಲ್ಕರ ಎರಡು ಅರ್ಧ ಮಾಡಿ ಒಣಗಿಸಿ. ಆಮೇಲೆ ಎರಡರ ತುದಿಗಳನ್ನೂ ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ಉಜ್ಜಿ ಸಮ ಮಾಡಿ ಕೂಡಿಸಿ. ಕೆಳಗಿನ ಲೋಲಕದ ಗೂಡು 20 ಅಗಲ, 16 ಎತ್ತರ. ಲೋಲಕದ ಬಿಲ್ಲೆಗೆ ಹೊಲಿಗೆಯ ಪ್ರೆಸ್ ಬಟನ್ನಿನ ಅರ್ಧ ಭಾಗ ಹೇಳಿ ಮಾಡಿಸಿದ ಹಾಗಿದೆ.

ಕಡಲ ಗಾಳಿಗೆ ಹಿತ್ತಾಳೆ ಹಸಿರುಗಟ್ಟುತ್ತದೆ. ಅಂಟಿಸುವ ಮೊದಲೇ ಸ್ಪಿರಿಟ್ಟಿನಿಂದ ಬೆರಳಿನ ಜಿಡ್ಡು ಒರೆಸಿ ಬಣ್ಣವಿಲ್ಲದ ಉಗುರು ಪಾಲಿಶ್ ಹಚ್ಚಿ.

ಪ್ರಶ್ನೆ: ಗಾಜಿನ ಬದಲು ಹಾಕಿದ ಪ್ಲಾಸ್ಟಿಕ್ ಹಾಳೆ ರಾತ್ರಿ ಕಳೆಯುವುದರಲ್ಲಿ ಬೆಳ್ಳಗೆ ಮಬ್ಬಾಯಿತು. ಮರದ ಪಾಲಿಶ್ ಮೇಲೂ ಬಿಳಿ ಪೊರೆ. ಎರಡೂ ಮಳೆಯಿಂದಲೇ? (ಮುಲುಂಡ್, ಮುಂಬೈ)

ಎರಡಕ್ಕೂ ಬೇರೆ ಬೇರೆ ಕಾರಣ. ಹಾಳೆ ಮಬ್ಬಾದದ್ದು ಫೆವಿಕ್ವಿಕ್‌ನಿಂದ. ಒಣಗುವಾಗ ಆ ಅಂಟಿನ ಆವಿ ಎದ್ದು ಹತ್ತಿರದ ಮೇಲ್ಮೈ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದಕ್ಕೆ ಹೊರಹೋಗಲು ದಾರಿಯಿಲ್ಲ. ಹಾಳೆಯನ್ನು ಕಡ್ಡಿಯ ತುದಿಯಲ್ಲಿ ತೆಗೆದ ಫೆವಿಕಾಲಿನಿಂದ ಅಂಟಿಸಿ. ಒಣಗಿದಾಗ ಪಾರದರ್ಶಕವಾಗುತ್ತದೆ, ಮಳೆಗಾಲದಲ್ಲಿ ಒಂದು ಇಡೀ ದಿನ ಬಿಡಿ.

ಪಾಲಿಶಿನ ಪೊರೆ ಮಾತ್ರ ಮಳೆಯದ್ದೇ. ಪಾಲಿಶಿನಲ್ಲಿರುವ ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಇಳಿಯುತ್ತದೆ, ಪಾಲಿಶಿನ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಒಣಹವೆಯ ದಿನ ಬಟ್ಟೆಗೆ ಬರೀ ಸ್ಪಿರಿಟ್ ಸೋಕಿಸಿ ಮೇಲೆ ಒಂದೇ ಸಲ ಹಗುರಾಗಿ ಎಳೆದರೆ ಹೆಚ್ಚಾಗಿ ಹೋಗುತ್ತದೆ. ಜುಲೈ ಆಗಸ್ಟಿನಲ್ಲೇ ಮುಗಿಸಲೇಬೇಕೆಂದರೆ ಪಾಲಿಶ್ ಬಿಟ್ಟು ಮೇಣ ಉಜ್ಜಿ.

ಪ್ರಶ್ನೆ: ಗೊಂಬೆಮನೆಯ ಕಿಟಕಿಯಾಚೆ ರಾಜಾಬಾಯಿ ಗಡಿಯಾರ ಗೋಪುರ ಕಾಣಬೇಕೆಂದು ಮಗಳ ಆಸೆ. ಅದೂ 1:12ರಲ್ಲೇ ಇರಬೇಕೇ? (ಚರ್ನಿ ರೋಡ್, ಮುಂಬೈ)

1878ರಲ್ಲಿ ಮುಗಿದ ಆ ಗೋಪುರದ ಎತ್ತರ ಸುಮಾರು 85 ಮೀಟರು. 1:12ರಲ್ಲಿ ಅದು 7 ಮೀಟರು ದಾಟುತ್ತದೆ. ದೂರದ ನೋಟವಾದ್ದರಿಂದ 1:500 ಹಿಡಿಯಿರಿ, 17 ಸೆಂ.ಮೀ. ಆಗುತ್ತದೆ. ಗಟ್ಟಿ ಆಕಾರ ಬೇಡ, ಚಪ್ಪಟೆ ರಟ್ಟು ಸಾಕು. ಗೋಪುರ ಕಟ್ಟಿದ ಕುರ್ಲಾ ಕಲ್ಲಿನ ಮಾಸಲು ಹಳದಿಗೆ ಚೂರು ನೀಲಿ, ಚೂರು ಬಿಳಿ ಬೆರೆಸಿದರೆ ಬಣ್ಣ ದೂರಕ್ಕೆ ಸರಿಯುತ್ತದೆ. ಕಿಟಕಿಯಿಂದ ಒಂದು ಗೇಣು ಹಿಂದೆ ನಿಲ್ಲಿಸಿ. ಈ ಅಳತೆಯಲ್ಲಿ ಗಡಿಯಾರಕ್ಕೆ ಅಂಕಿ ಬರೆಯಬೇಡಿ, ಒಂದು ಬಿಳಿ ಚುಕ್ಕಿ ಮತ್ತು ಎರಡು ಕೂದಲೆಳೆಯಂಥ ಗೀಟು ಹಾಕಿ. ಕೋಣೆಯೊಳಗಿನ ಗಡಿಯಾರ ತೋರಿಸುವ ಹೊತ್ತನ್ನೇ ಅದೂ ತೋರಿಸಲಿ.