ಔಟ್‌ಲುಕ್‌ನಲ್ಲಿ ತಪ್ಪಾಗಿ ಕಳಿಸಿದ ಮೇಲ್ ತಡೆಯುವುದು ಹೇಗೆ?
ಕಳಿಸಿದ ಮೇಲನ್ನು ವಾಪಸ್ ಪಡೆಯುವ 'ರೀಕಾಲ್' ಸೌಲಭ್ಯ ನಂಬಿ ಕೂರಬೇಡಿ. ಅದು ನಿಮ್ಮದೇ ಸಂಸ್ಥೆಯ ಮೇಲ್‌ಬಾಕ್ಸ್‌ಗಳಿಗಷ್ಟೇ ಸೀಮಿತ; ಗ್ರಾಹಕರ ಜಿಮೇಲ್‌ಗೆ ಹೋದದ್ದು ಹೋಯಿತು. ಮೇಲ್ ಹೊರಡುವುದನ್ನೇ ತಡಮಾಡುವುದು ವಾಸಿ.

ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಫೈಲ್ > ಮ್ಯಾನೇಜ್ ರೂಲ್ಸ್ ಆಂಡ್ ಅಲರ್ಟ್ಸ್ > ನ್ಯೂ ರೂಲ್‌ಗೆ ಹೋಗಿ, 'ಅಪ್ಲೈ ರೂಲ್ ಆನ್ ಮೆಸೇಜಸ್ ಐ ಸೆಂಡ್' ಆರಿಸಿ. ಷರತ್ತಿನ ಪುಟದಲ್ಲಿ ಏನನ್ನೂ ಗುರುತಿಸದೆ ನೆಕ್ಸ್ಟ್ ಒತ್ತಿ. ಎಲ್ಲ ಮೇಲ್‌ಗೂ ಅನ್ವಯಿಸಲೇ ಎಂದು ಕೇಳಿದಾಗ ಯೆಸ್ ಅನ್ನಿ. ಮುಂದೆ 'ಡಿಫರ್ ಡೆಲಿವರಿ' ಗುರುತಿಸಿ 2 ನಿಮಿಷ ಕೊಡಿ. 120ರವರೆಗೂ ಕೊಡಬಹುದು, ಆದರೆ ಅಷ್ಟು ಯಾರಿಗೆ ಬೇಕು? ತುರ್ತಿನವು ತಕ್ಷಣ ಹೋಗಬೇಕಾದರೆ ಎಕ್ಸೆಪ್ಷನ್ ಪುಟದಲ್ಲಿ ಹೈ ಇಂಪಾರ್ಟೆನ್ಸ್ ಸೇರಿಸಿ.

ಆ 2 ನಿಮಿಷ ಮೇಲ್ ಔಟ್‌ಬಾಕ್ಸ್‌ನಲ್ಲಿರುತ್ತದೆ. ತೆರೆದು ತಿದ್ದಿದರೆ ಮತ್ತೆ ಸೆಂಡ್ ಒತ್ತಲೇಬೇಕು, ಇಲ್ಲವಾದರೆ ಹೊರಡುವುದಿಲ್ಲ. ಸೆಂಡ್ ಒತ್ತಿದ ಕೂಡಲೇ ಔಟ್‌ಲುಕ್ ಮುಚ್ಚಿದರೂ ಅಲ್ಲೇ ಉಳಿದುಬಿಡಬಹುದು.