ನಾಟಕದ ಗಂಧವೇ ಇಲ್ಲದವರು ಹೆಗ್ಗೋಡಿಗೆ ಹೋದರೆ ನಟರ ಮಾತುಕತೆ ಅರ್ಥವಾಗುತ್ತಾ?

ಧೈರ್ಯವಾಗಿ ಹೋಗಿ. ಇದುವರೆಗೆ ಎರಡೇ ನಾಟಕ ನೋಡಿದ್ದೀನಿ, ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ನಡೆಸುವ ಸಂಸ್ಕೃತಿ ಶಿಬಿರದಲ್ಲಿ ನಟರು, ನಿರ್ದೇಶಕರು ಮಾತಾಡುವಾಗ ಪೆದ್ದನ ಹಾಗೆ ಕೂತಿರಬೇಕಾಗುತ್ತಾ ಅಂತ ಕೇಳಿದ್ದೀರಿ. ಮೊದಲ ಸಲ ಹೊರಟಾಗ ನನಗೂ ಇದೇ ಅಳುಕಿತ್ತು.

ಅಲ್ಲಿ ಸಂಜೆ ನಾಟಕ, ಮರುದಿನ ಬೆಳಿಗ್ಗೆ ಅದರ ಬಗ್ಗೆ ಮಾತು. ಎಷ್ಟೇ ಸುಸ್ತಾಗಿದ್ದರೂ ಸಂಜೆಯ ನಾಟಕ ಮಾತ್ರ ಬಿಡಬೇಡಿ. ಅದನ್ನು ನೋಡದೆ ಬೆಳಿಗ್ಗೆ ಬಂದು ಕೂತರೆ ನಿಜವಾಗಿಯೂ ಏನೂ ಹತ್ತುವುದಿಲ್ಲ, ನೋಡಿದ್ದರೆ ನಿಮ್ಮ ಹತ್ತಿರ ಆಗಲೇ ನಾಲ್ಕು ಪ್ರಶ್ನೆ ಇರುತ್ತವೆ.

ನಾನು ಹೋದ ವರ್ಷ, ರಾತ್ರಿ ರಾಜನ ಪಾತ್ರ ಮಾಡಿದ್ದ ಹುಡುಗ ಬೆಳಿಗ್ಗೆ ಸಾದಾ ಅಂಗಿ ಹಾಕಿಕೊಂಡು ನಮ್ಮ ಪಕ್ಕದಲ್ಲೇ ಬಂದು ಕೂತ, ನನಗೆ ಗುರುತೇ ಸಿಗಲಿಲ್ಲ. ಊರಿನವರೇ ಇರಬೇಕು, ವಯಸ್ಸಾದ ಒಬ್ಬ ಅಮ್ಮ ಎದ್ದು, ಆ ಕೊನೆಯ ಮಾತು ಹೇಳುವಾಗ ನೀನು ಯಾಕೆ ಬೆನ್ನು ತಿರುಗಿಸಿದೆ ಮಾರಾಯ ಅಂತ ಕೇಳಿದರು. ಅವನು ಉತ್ತರ ಹೇಳಲು ಹೋಗಿ ತಡವರಿಸಿದ, ಆಮೇಲೆ ಎದ್ದು ನಿಂತು ಅದೇ ಮೂರು ಹೆಜ್ಜೆ ಹಾಕಿ ತೋರಿಸಿದ. ಬಣ್ಣವಿಲ್ಲ, ಬೆಳಕಿಲ್ಲ, ಹಗಲು ಹೊತ್ತು. ಆದರೂ ಎಲ್ಲರೂ ಸುಮ್ಮನಾಗಿಬಿಟ್ಟರು. ನಟನೆ ಅಂದರೆ ಏನು ಅಂತ ನನಗೆ ಹೊಳೆದದ್ದು ಆಗ.

ಆ ಅಮ್ಮ ಅಷ್ಟು ಸಲೀಸಾಗಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನೀನಾಸಂ ಶುರುವಾಗಿದ್ದು 1949ರಲ್ಲಿ, ಅಡಿಕೆ ತೋಟಗಳ ಮಧ್ಯದ ಆ ಊರಿನವರು ಅಷ್ಟು ಕಾಲದಿಂದ ನಾಟಕ ನೋಡುತ್ತಲೇ ಬಂದಿದ್ದಾರೆ. ಅಲ್ಲಿ ಪಂಡಿತರೂ ಮಾತಾಡುತ್ತಾರೆ, ಕೆಲವು ಮಾತು ತಲೆ ಮೇಲೆ ಹೋಗುತ್ತದೆ, ಹೋಗಲಿ ಬಿಡಿ. ನೀವು ನಿಮಗೆ ಕಂಡದ್ದನ್ನು ಕೇಳಿ.

ಏನು ಕೇಳಲಿ ಅಂದರೆ, ತಿರುಗಾಟದ ಬಗ್ಗೆ ಕೇಳಿ. ಇದು ನೀನಾಸಂ 1985ರಲ್ಲಿ ಶುರು ಮಾಡಿದ ತಂಡ. ಯಕ್ಷಗಾನ ಮೇಳಗಳು ಊರೂರು ಸುತ್ತುವುದಕ್ಕೆ ತಿರುಗಾಟ ಅಂತಾರಲ್ಲ, ಅದೇ ಮಾತು. ಇವರೂ ಹಾಗೇ ತಿಂಗಳುಗಟ್ಟಲೆ ಊರಿಂದ ಊರಿಗೆ ಹೋಗುತ್ತಾರೆ, ರಂಗಸಜ್ಜಿಕೆ ಇಳಿಸಿ ಕಟ್ಟುವುದು, ನಾಟಕ ಮುಗಿದ ಮೇಲೆ ಬಿಚ್ಚಿ ಮತ್ತೆ ಗಾಡಿಗೆ ಹೇರುವುದು ಎಲ್ಲದಕ್ಕೂ ನಟರೇ ಕೈ ಹಾಕುತ್ತಾರೆ. ಇವತ್ತು ಒಳ್ಳೆಯ ರಂಗಮಂದಿರ, ನಾಳೆ ಯಾವುದೋ ಶಾಲೆಯ ಬಯಲು. ಅದೇ ಮಾತನ್ನು ಎರಡೂ ಕಡೆ ಹೇಗೆ ಹೇಳುತ್ತೀರಿ ಅಂತ ಕೇಳಿ ನೋಡಿ. ಪಾತ್ರದ ಅರ್ಥವೇನು ಅಂತ ಕೇಳಿದರೆ ಅವರು ಸ್ವಲ್ಪ ಬಿಗಿಯಾಗುತ್ತಾರೆ, ಕೆಲಸದ ಬಗ್ಗೆ ಕೇಳಿದರೆ ಊಟದ ಸಾಲಿನಲ್ಲೂ ಮಾತು ನಿಲ್ಲಿಸುವುದಿಲ್ಲ.

ಶಿಬಿರ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ. ಮೊದಲೇ ಹೆಸರು ಕೊಡಬೇಕು, ಹಾಗಾಗಿ ದಿನಾಂಕ ವಿಚಾರಿಸಿಕೊಳ್ಳಿ. ಬೆಂಗಳೂರಿನಿಂದಾದರೆ ತಾಳಗುಪ್ಪದ ರೈಲು ಹತ್ತಿ ಸಾಗರದಲ್ಲಿ ಇಳಿಯಿರಿ, ಅಲ್ಲಿಂದ ಹೆಗ್ಗೋಡು ಹತ್ತಿರವೇ. ಕೊಡೆ ಇರಲಿ, ಆ ಕಡೆ ಮಳೆಯನ್ನು ನಂಬುವ ಹಾಗಿಲ್ಲ.

ಅಷ್ಟು ದಿನ ರಜೆ ಸಿಗದಿದ್ದರೆ ತಿರುಗಾಟ ನಿಮ್ಮೂರಿನ ಹತ್ತಿರ ಬಂದಾಗ ಹೋಗಿ. ನಾಟಕ ಮುಗಿದ ತಕ್ಷಣ ಗೇಟಿನ ಕಡೆ ಓಡಬೇಡಿ. ಅವರು ಸೆಟ್ ಬಿಚ್ಚುತ್ತಿರುತ್ತಾರೆ, ಒಂದು ಹಲಗೆಗೆ ಕೈ ಕೊಟ್ಟು ಮಾತಾಡಿಸಿ.